ಹುಸ್ನಾ ಹೆಸರಿನ ಪ್ಲೇಟು

ಸಂಜೆ ನಾಲ್ಕಕ್ಕೆ ಹಿಡಿದ ಮಳೆ ಬಿಡುವ ಲಕ್ಷಣವೇ ಕಾಣಲಿಲ್ಲ. ಹೊಳೆಮಣ್ಣೂರಿನ ಹೊಲಗಳಿಂದ ಮಣ್ಣು ಅಗೆದು ತರುತ್ತಿದ್ದ ವಿಶ್ವವಿದ್ಯಾಲಯದ ಹೊಸ ಹುಡುಗಿಯರಿಬ್ಬರು, ನಾಜಮೀನ ಮತ್ತು ದೀಪಶ್ರೀ, ರೋಣದ ಗೌಸುಸಾಬರ ಪಡಸಾಲೆಯಲ್ಲಿ ಸಿಕ್ಕಿಕೊಂಡರು. ಅದೇ ವಿಶ್ವವಿದ್ಯಾಲಯದ ಮಣ್ಣಿನ ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷ ಗಾಜಿನ ಸಾಮಾನು ತೊಳೆದು ನಿವೃತ್ತರಾದ ಮುದುಕರು ಅವರು. ವರದಿಯಲ್ಲಿ ಯಾರ ಹೆಸರು ಮೊದಲು ಬರಬೇಕೆಂದು ಜಗಳಾಡಿ ಹುಡುಗಿಯರು ಮುಖ ಊದಿಸಿಕೊಂಡು ಕುಳಿತಿದ್ದುದನ್ನು ಕಂಡು ಅವರಿಗೆ ರೇಗಿತು.

“ಸಾಕ ಮಾಡ್ರವಾ! ಹಿಂಗ ಹೊಟ್ಟಿಕಿಚ್ಚ ಪಟ್ಟಾವ ಒಬ್ಬ ಇದ್ದ, ರಘೂತ್ತಮ ಅಂತ, ನಿಮ್ಮ ಲ್ಯಾಬಿನ್ಯಾಗನ. ಐದ ವರ್ಷ ಮಣ್ಣಾಗಿನ ಸೂಕ್ಷ್ಮಜೀವಿ ಹುಡುಕಿ ಹುಡುಕಿ ಏನೂ ಸಿಗದ ಸೊರಗಿದ್ದ. ಅಷ್ಟರಾಗ ಬಂದ್ಲು ನೋಡ್ರಿ ಹುಸ್ನಾ, ಹೊಳೆಮಣ್ಣೂರಾಕಿ... ಹೊಳಿ ಬಂದು ಹೋದ ತಮ್ಮ ಹೊಲದ ಯರಿಮಣ್ಣ ತಂದು ಆರ ತಿಂಗಳದಾಗ ಮುಚ್ಚಳದ ಗಾಜಿನ ಪ್ಲೇಟಿನ್ಯಾಗ ಹೊಸಾ ಜೀವಿ ಬೆಳಿಸಿದ್ಲು, ದಾಳಿಂಬರ ಕಾಳಿನಂಗ ಕೆಂಪಗ. ನೀರ ನಿಂತ ಕೊಳಿಯೋ ಬೇರ ಉಳಸತೈತಿ ಇದು ಅಂತ ಪ್ರೊಫೆಸರು ಕುಣದಾಡಿಬಿಟ್ರು. ರಘೂತ್ತಮಗ ಅವತ್ತ ತುತ್ತ ಇಳೀಲಿಲ್ಲ. ‘ಪ್ರೊಫೆಸರು ನನ್ನ ಕಡೆ ಒಮ್ಮೆ ಸುದ್ದಾ ನೋಡಲಿಲ್ಲ, ಗೌಸುಸಾಬ’ ಅಂತ ನನ್ನ ಮುಂದ ಅತ್ತ. ಪಾಪ ಅನಿಸ್ತು... ಅನಿಸಬಾರದಿತ್ತು.

“ಹೆಸರ ಪ್ಲೇಟಿನ ತಳಕ್ಕ ಬರೀಬೇಕು, ಮುಚ್ಚಳಕ್ಕಲ್ಲ, ಮುಚ್ಚಳ ಬದಲಾಗತಾವು ಅಂತ ನಿಮಗ ಮೊದಲನೇ ದಿನಾನ ಹೇಳಿಲ್ಲೇನು? ಹುಸ್ನಾ ಅವಸರದಾಗ ಮುಚ್ಚಳಕ್ಕ ಬರದಿದ್ಲು. ಇಂವ ಅದನ್ನ ನೋಡಿದ. ಆಕಿ ಮುಚ್ಚಳ ತಗದು ತನ್ನ ಖಾಲಿ ಪ್ಲೇಟಿಗೆ ಇಟ್ಟ, ಆಕಿ ಪ್ಲೇಟಿನ ತಳಕ್ಕ ತನ್ನ ಹೆಸರ ಬರಕೊಂಡ. ಮರುದಿನ ದೊಡ್ಡವ್ರ ಮುಂದ ಆಕಿ ಸುಳ್ಳಿ, ಇಂವ ಶಾಣ್ಯಾ! ಆ ಹುಡುಗಿ ಅಳಕೋಂತ, ಮತ್ತ ಮಣ್ಣ ತರತೇನಿ ಅಂತ ಊರಿಗೆ ಹ್ವಾದ್ಲು. ಮಲಪ್ರಭಾ ತುಂಬಿ ಬಂದಿತ್ತು... ಮೂರನೇ ದಿನಕ್ಕ ಹೆಣಾ ಸಿಕ್ತು.

“ಈಗ ಕೇಳ್ರಿ. ಆ ಜೀವಿ ಎತ್ತಿ ಎಷ್ಟ ಹೊಸಾ ಪ್ಲೇಟಿಗೆ ಹಾಕಿದ್ರೂ ರಘೂತ್ತಮನ ಕೈಯಾಗ ಬೆಳೀಲಿಲ್ಲ. ಮತ್ತೊಮ್ಮೆ ಬೆಳಸಿ ತೋರಿಸಲಿಲ್ಲಂದ್ರ ಪದವಿ ಹೋತು, ಮಾನ ಹೋತು. ಕಡೀಕ ಒಂದ ಮಧ್ಯಾಹ್ನ ಹುಚ್ಚ ಹಿಡದಾವರಂಗ ಪ್ಲೇಟಿನ ತಳಕ್ಕ ‘ಹುಸ್ನಾ’ ಅಂತ ಬರದ. ಬೆಳಿಯಾಕ ಎರಡ ದಿನ ಬೇಕು... ನಾ ಬಾಜೂಕ ಒಂದ ಬುಟ್ಟಿ ಸಾಮಾನ ತೊಳಿಯೂದ್ರಾಗ ಪ್ಲೇಟ ತುಂಬ ಕೆಂಪ! ಖುಷೀಲೆ ಆ ಹೆಸರ ಒರಸಿ ತನ್ನ ಹೆಸರ ಬರದ. ಕಣ್ಣ ಮುಂದನ ಆ ಕೆಂಪೆಲ್ಲಾ ಬೆಳ್ಳಗಾತು. ತಿರುಗಿ ನೋಡಿದ್ರ ನಾ ಒರಸಿದ ನೆಲದ ಫರಸಿ ಮ್ಯಾಲ ಹಸೀ ಯರಿಮಣ್ಣಿನ ಹೆಜ್ಜಿ... ಒಳಗ ಬಂದಾವು, ಹೊರಗ ಹೋಗಿಲ್ಲ. ರಘೂತ್ತಮ ನನ್ನ ಕಾಲ ಹಿಡದು ಎಲ್ಲಾ ಒಪ್ಪಿಕೊಂಡ, ಸಂಜೀಕ ಲ್ಯಾಬ ಬಿಟ್ಟ.

“ಬದುಕಿದ್ದವ್ರ ಹೊಟ್ಟಿಕಿಚ್ಚರ ಒಂದಿನ ತಣ್ಣಗಾಗತೈತಿ, ಸತ್ತಾಕೀದು ಹ್ಯಾಂಗ ಆರಬೇಕು ಹೇಳ್ರಿ? ಅವತ್ತಿಂದ ಅಲ್ಲಿ ಯಾರ ಏನ ಬೆಳಿಸಿದ್ರೂ ಮೊದಲನೇ ಪ್ಲೇಟಿಗೆ ಆಕಿ ಹೆಸರ ಬರೀತಾರು. ಹ್ವಾದ ವಾರ ಯಾರೋ ನಕ್ಕು, ಆಕಿ ಹೆಸರ ಬರೀದ ಬಿಟ್ರಂತ, ನನಗ ಫೋನ್ ಬಂದಿತ್ತು. ಮುಂಜಾನೆ ಕೀಲಿ ತಗದು ನೋಡಿದ್ರ ಎಲ್ಲಾ ಪ್ಲೇಟಿನ ತಳಕ್ಕೂ ಹುಸ್ನಾ, ಹುಸ್ನಾ, ಹುಸ್ನಾ... ಬೆರಳಿಲೆ ಮುಟ್ಟಿದ್ರ ಶಾಯಿ ಇನ್ನೂ ಹಸೀ ಇತ್ತಂತ.”