ಕೂದಲಲ್ಲಿ ಮೊಳೆತ ಹೆಸರುಕಾಳು

...ಅಲ್ಲ ಮಗಳೇ, ಅದು ಬೇಡ, ಒಳಗಿಡು. ಗುಲಾಬಿ ಬಣ್ಣ, ಮಡಚುವ ಹಿಡಿಕೆ... ಅದು ಗೊಂಬೆಯ ಕೂದಲಿಗೆ. ನಾನು ಬಾಯಲ್ಲಿ ಊದಿದರೆ ಅದಕ್ಕಿಂತ ಜೋರು ಗಾಳಿ ಬರ್ತದೆ. ನೋಡ್ತೀಯಾ? ಉಫ್! ...ಯಾಕೆ ನಗ್ತೀ? ನಾನು ತಮಾಷೆಗೆ ಬಂದದ್ದಲ್ಲ ಮಾರಾಯ್ತಿ. ಕಕ್ಕಿಂಜೆಯಿಂದ ಬಂದದ್ದು. ಬೆಳ್ತಂಗಡಿಯಲ್ಲಿ ಎರಡು ಅಂಗಡಿ ಹತ್ತಿ ಇಳಿದೆ. ಕೂದಲು ಒಣಗಿಸುವ ಮೆಷಿನ್ ಕೇಳಿದರೆ ಒಬ್ಬ ಗಡ್ಡ ಬೋಳಿಸುವ ಮೆಷಿನ್ ತೋರಿಸಿದ. ಇನ್ನೊಬ್ಬ, "ಅಜ್ಜೀ, ಫ್ಯಾನಿನ ಅಡಿ ಕೂತರೆ ಸಾಲದಾ?" ಅಂತ ಕೇಳಿದ. ಸಿಟ್ಟು ಬಂತು, ಸಿಕ್ಕಿದ ಬಸ್ಸು ಹತ್ತಿದೆ, ಬಂಟ್ವಾಳಕ್ಕೆ ಬಂದು ಇಳಿದೆ. ಇಲ್ಲಿ ಹೆಂಗಸು ಕೂತದ್ದು ಕಂಡಿತು. ಒಳಗೆ ಬಂದೆ.

ಎಂತ ಹೆಸರು ಅಂದೆ? ಜುವೈರಿಯಾ. ಚಂದ ಉಂಟು. ನಾನು ನೀಲವ್ವ. ಅಪ್ಪ ಶುಕ್ರವಾರದ ನಮಾಜಿಗೆ ಹೋದರಾ? ಒಳ್ಳೆಯದೇ ಆಯ್ತು. ಕೂದಲಿನ ಕಷ್ಟ ಗಂಡಸರಿಗೆ ಹೇಳಿ ಪ್ರಯೋಜನವಿಲ್ಲ.

ನನಗಲ್ಲ ಆಯ್ತಾ? ನನ್ನ ಮೊಮ್ಮಗಳಿಗೆ. ಭವ್ಯಶ್ರೀ ಅಂತ, ಕಾಲೇಜಿಗೆ ಹೋಗ್ತಾಳೆ. ಅವಳ ಕೂದಲು ಅಂದರೆ... ಹೇಗೆ ಹೇಳುವುದು... ಹೆಣೆದರೆ ಬಾವಿಯ ಹಗ್ಗ. ಬಿಟ್ಟರೆ ಮೊಣಕಾಲಿನ ಹಿಂದೆ ಬಡೀತದೆ. ಒಮ್ಮೆ ಸಿಟ್ಟಿನಲ್ಲಿ ಗಿರಕ್ಕನೆ ತಿರುಗಿದ್ದಕ್ಕೆ ಹಿಂದೆ ನಿಂತವರ ಕೈಯ ಚಾ ಲೋಟ ಹಾರಿ ಹೋಗಿತ್ತು. ಹೌದು, ಸತ್ಯ! ಲೋಟ ಒಂದು ಕಡೆ, ಚಾ ಒಂದು ಕಡೆ.

ಫೋಟೋವಾ? ಫೋಟೋ... ಇಲ್ಲ. ನನ್ನ ಫೋನಿನಲ್ಲಿ ಇಲ್ಲ. ಫೋಟೋ ಯಾಕೆ? ಸ್ಯಾಂಪಲ್ ತಂದಿದ್ದೇನಲ್ಲ! ಆ ಚೀಲ ಬಿಚ್ಚು... ಅಯ್ಯೋ ಕಿರುಚಬೇಡ, ತೆಂಗಿನ ನಾರು ಅದು! ನಿನ್ನೆ ಬಿಡಿಸಿ, ಇಡೀ ರಾತ್ರಿ ನೆನೆಹಾಕಿದ್ದು. ಲೆಕ್ಕ ಸರಿಯಾಗಿಯೇ ಉಂಟು. ಮೊದಲು ಕೂದಲನ್ನು ಒದ್ದೆಯಾಗಿ ತೂಗಿದ್ದು, ಆಮೇಲೆ ಅಷ್ಟೇ ತೂಕಕ್ಕೆ ನಾರು. ಹೇಗೆ ತೂಗಿದ್ದಾ? ನೆಲದಲ್ಲಿ ಕೂತು, ಕುತ್ತಿಗೆ ಬಗ್ಗಿಸಿ, ಕೂದಲನ್ನೆಲ್ಲ ಸುತ್ತಿ ತಕ್ಕಡಿಯ ಮೇಲೆ ಇಟ್ಟು... ಎರಡು ದಿನ ಕುತ್ತಿಗೆ ಹಿಡಿದುಕೊಂಡಿತ್ತು ನನಗೆ... ಅವಳಿಗೆ. ಅವಳಿಗೆ ಹಿಡಿದುಕೊಂಡಿತ್ತು. ನಾನು ಎಣ್ಣೆ ತಿಕ್ಕಿದ್ದು.

ಏನದು ಟಪ್ ಟಪ್ ಅಂತ? ನಿಮ್ಮ ತಾರಸಿ ಸೋರ್ತದಾ? ...ಇಲ್ಲವಾ? ಹಾಗಾದರೆ ನನ್ನ ಕೊಡೆ ಇರಬೇಕು. ಇರಲಿ.

ಈಗ ಆ ಕಪ್ಪು ಮೆಷಿನ್ ಹಾಕು. ಹಾಂ, ನಾರಿಗೆ ಹಿಡಿ. ಹತ್ತಿರ ಬೇಡ, ಒಂದು ಗೇಣು ದೂರ. ಬೆರಳಲ್ಲಿ ಬಿಡಿಸುತ್ತಾ ಹಿಡಿಯಬೇಕು. ಹೂಂ... ಗಾಳಿ ಪರವಾಗಿಲ್ಲ... ಎಂತದು ಸುಟ್ಟ ವಾಸನೆ? ಅರೆ! ನಿಂತೇ ಹೋಯ್ತಲ್ಲ! ಬಿಸಿಯಾದರೆ ತನ್ನಷ್ಟಕ್ಕೆ ನಿಲ್ತದಾ? ಎಷ್ಟು ಹೊತ್ತಿಗೆ? ಹತ್ತೇ ನಿಮಿಷಕ್ಕಾ! ಹತ್ತು ನಿಮಿಷದಲ್ಲಿ ಕಿವಿಯ ಹತ್ತಿರದ್ದು ಒಣಗೀತು ಅಷ್ಟೆ. ಅದೂ ಒಂದೇ ಕಿವಿ. ಎತ್ತಿಡು ಮಗಳೇ. ಎರಡು ಗಂಟೆ ಎಡೆಬಿಡದೆ ಓಡುವಂಥದ್ದು ಬೇಕು ನನಗೆ. ಭತ್ತದ ಗಿರಣಿಯ ಹಾಗೆ.

ಯಾಕಿಷ್ಟು ಅವಸರ ಅಂದ್ಯಾ? ಆದಿತ್ಯವಾರ ಕತ್ತರಿ ಬರ್ತದೆ ಮಾರಾಯ್ತಿ! ನನ್ನ ಸೊಸೆ ವನಜಾಕ್ಷಿ ಪಾರ್ಲರಿನವಳನ್ನು ಮನೆಗೇ ಕರೆಸ್ತಿದ್ದಾಳೆ. ಭುಜದ ಮೇಲಕ್ಕೆ ಕಚಕ್! "ಆದಿತ್ಯವಾರದೊಳಗೆ ಈ ಕೂದಲು ಪೂರ್ತಿ ಒಣಗಿದ್ದನ್ನು ಒಂದು ಸಲ ನಾನು ಕಣ್ಣಾರೆ ನೋಡಬೇಕು. ಇಲ್ಲದಿದ್ದರೆ ಕತ್ತರಿ" ಅಂತ ಹೇಳಿಬಿಟ್ಟಿದ್ದಾಳೆ. ಅವಳದ್ದೂ ತಪ್ಪಲ್ಲ ಬಿಡು... ಆ ಮೊಳಕೆ ನೋಡಿದರೆ ಯಾರಿಗಾದರೂ...

ಯಾವ ಮೊಳಕೆಯಾ? ಹೇಳ್ತೇನೆ, ನಗಬಾರದು. ಮೊದಲೇ ಹೇಳಿದ್ದೇನೆ, ನಗಬಾರದು. ಶಾಂಪೂ ನಾನು ಮುಟ್ಟುವುದಿಲ್ಲ... ಅಂದರೆ, ಅವಳಿಗೆ ಮುಟ್ಟಲು ಬಿಡುವುದಿಲ್ಲ. ಹಸಿ ಹೆಸರುಕಾಳಿನ ಹಿಟ್ಟು, ನಮ್ಮ ಅವ್ವನ ಪದ್ಧತಿ. ಮಿಕ್ಸಿಯಲ್ಲಿ ಎಷ್ಟು ತಿರುಗಿಸಿದರೂ ಒಂದೆರಡು ಕಾಳು ತಪ್ಪಿಸಿಕೊಳ್ತವೆ. ನಮ್ಮ ಗದಗಿನಲ್ಲಾದರೆ ಎಂತ ತೊಂದರೆ ಇಲ್ಲ. ತಲೆಗೆ ಎರೆದುಕೊಂಡು ಮಾಳಿಗೆ ಹತ್ತಿದರೆ ಕಾಲು ಗಂಟೆಯಲ್ಲಿ ಕೂದಲು ಗರಿಗರಿ, ಕೊಡವಿದರೆ ಕಾಳು ಪಟಪಟ ಉದುರ್ತದೆ. ಇಲ್ಲಿ? ಹೋದ ತಿಂಗಳು ಒಂದು ಮಂಗಳವಾರ ಎರೆದದ್ದು. ತುರುಬಿನೊಳಗೆ ಒದ್ದೆ, ಬೆಚ್ಚಗೆ, ಕತ್ತಲೆ... ಶುಕ್ರವಾರ ಬಿಚ್ಚಿ ಬಾಚಿದರೆ ಹಣಿಗೆಯಲ್ಲಿ ಮೊಳಕೆ! ಬೆಳ್ಳಗೆ, ಉಗುರಿನಷ್ಟು ಉದ್ದ!

ನಗಬೇಡ ಅಂದೆನಲ್ಲ! ...ಸರಿ, ನಗು. ನನ್ನ ಮಗನೂ ನಕ್ಕ. ವನಜಾಕ್ಷಿ ಅದನ್ನು ತಟ್ಟೆಯಲ್ಲಿಟ್ಟು ಊಟದ ಮೇಜಿಗೆ ತಂದರೆ, ನನ್ನ ಅಶೋಕ ಹೇಳ್ತಾನೆ, "ಇನ್ನೆರಡು ಸಿಕ್ಕಿದ್ದರೆ ಕೋಸಂಬರಿ ಮಾಡಬಹುದಿತ್ತು." ಅದರ ಮಾರನೇ ದಿನವೇ ಶೀತ, ಜ್ವರ, ಎದೆಯಲ್ಲಿ ಗೊರಗೊರ. ಡಾಕ್ಟರು ತಲೆ ಮುಟ್ಟಿ ನೋಡಿ ಕೈ ಒರೆಸಿಕೊಂಡರು. ಅಲ್ಲಿಗೆ ಕತ್ತರಿ ಗಟ್ಟಿಯಾಯ್ತು.

ಈಗ ಹೆಸರುಹಿಟ್ಟು ಇಲ್ಲಪ್ಪ, ಬಿಟ್ಟಾಯ್ತು. ದೇವರಾಣೆ... ಆಣೆ ಬೇಡ. ಬಿಟ್ಟಾಯ್ತು ಅಷ್ಟೆ.

ಗದಗ ಎಲ್ಲಿ, ಕಕ್ಕಿಂಜೆ ಎಲ್ಲಿ ಅಂತಲಾ? ಅದನ್ನು ನಮ್ಮವರನ್ನು ಕೇಳಬೇಕಿತ್ತು. ರುಕ್ಮಯ್ಯ. ಗದಗಿನಲ್ಲಿ ಹೋಟೆಲಿನಲ್ಲಿ ಬಡಿಸುವ ಕೆಲಸ. ನಮ್ಮ ಮಾಳಿಗೆ ಹೋಟೆಲಿನ ಎದುರಿಗೇ. ಒಂದು ದಿನ ನಾನು ಕೂದಲು ಹರಡಿ ಕೂತದ್ದನ್ನು ನೋಡ್ತಾ ನೋಡ್ತಾ ಯಾರೋ ಗಿರಾಕಿಯ ಎಲೆಗೆ ಒಂದು ಬಾಲ್ದಿ ಸಾರು ಪೂರ್ತಿ ಸುರಿದರಂತೆ! ಗಿರಾಕಿ ಎದ್ದು ಹೋದ, ಇವರು ಇನ್ನೂ ಸುರೀತಾ ಇದ್ದರಂತೆ. ಕೆಲಸ ಹೋಯ್ತು. ಊರಿಗೆ ಹೊರಡುವಾಗ ನನ್ನನ್ನು ಕೇಳಿ ಕಟ್ಟಿಕೊಂಡು ಬಂದರು. ಅದು ಐವತ್ತೆರಡು ವರ್ಷದ ಹಿಂದೆ. ಇಲ್ಲಿಗೆ ಬಂದ ಮೇಲೆ ನನ್ನ ಕೂದಲು ಜೂನಿನಿಂದ ಸಪ್ಟೆಂಬರಿನವರೆಗೆ ಒಣಗಿದ್ದೇ ಇಲ್ಲ. ಅಡಿಕೆ ಹಾಳೆಯ ಬೀಸಣಿಗೆ ಹಿಡಿದು ಹಿಂದೆ ಕೂರ್ತಿದ್ದರು ಪಾಪ. "ನಾನು ಕರಕೊಂಡು ಬಂದದ್ದಲ್ಲವಾ, ನಾನೇ ಒಣಗಿಸಬೇಕು" ಅಂತ. ಒಂದು ಕೈ ಸೋತರೆ ಇನ್ನೊಂದು ಕೈ. ಹೋಗಿ ಎರಡು ವರ್ಷ ಆಯ್ತು.

ಛೆ, ಅದಲ್ಲ ವಿಷಯ. ನನ್ನದೆಲ್ಲ ಉದುರಿ ಹೋಯ್ತು ಬಿಡು. ಈಗ ನಿಂಬೆಹಣ್ಣಿನಷ್ಟು ತುರುಬು. ತಲೆಗೆ ಸೆರಗು ಹೊದ್ದದ್ದು ಅದಕ್ಕಲ್ಲ, ನಮ್ಮ ಕಡೆಯ ಪದ್ಧತಿ. ನೀನೂ ಹೊದ್ದಿದ್ದೀಯಲ್ಲ... ಏನು ನೋಡ್ತೀ? ಸೆರಗು ಉಬ್ಬಿದೆಯಾ? ಒಳಗೆ ಟವೆಲ್ ಉಂಟು. ಶೀತಕ್ಕೆ.

ಆ ದೊಡ್ಡದು ಯಾವುದು ಮೇಲಿನ ಕಪಾಟಿನಲ್ಲಿ? ತೆಗೆ ತೆಗೆ. ಯವ್ವಾ, ಎಷ್ಟು ಭಾರ! ಸಲೂನಿನವರದ್ದಾ? ಎರಡು ಸಾವಿರದ ಇನ್ನೂರು ವಾಟ್... ಮೋಟರು ಬಾಳಿಕೆ ಬರ್ತದಾ? ಹಿಂದಿನ ಜಾಲರಿ ಬಿಚ್ಚಿ ತೊಳೆಯಬಹುದಾ? ಅದು ಮುಖ್ಯ. ಇದರೊಳಗೆ ಕೂದಲು ಹೊಕ್ಕರೆ ಎಳೆ ಅಲ್ಲ, ಹುರಿ ಹೊಕ್ಕ ಹಾಗೆ. ಎರಡು ವರ್ಷ ಗ್ಯಾರಂಟಿಯಾ? ನನಗೆ ಎಪ್ಪತ್ತನಾಲ್ಕು. ಎರಡು ವರ್ಷ ನಾನೂ ಗ್ಯಾರಂಟಿ ಕೊಡುವುದಿಲ್ಲ, ಆದರೆ ಇದು ಕೊಡಬೇಕು. ಹಾಕು ನೋಡುವ.

ಓಹೋಹೋ! ಗಾಳಿ ಅಂದರೆ ಇದು! ನಾರು ನೋಡು, ಎದ್ದು ಕುಣೀತದೆ! ಹಿಡಿ ಹಿಡಿ, ಹಾರಿ ಹೋ... ಅಯ್ಯೋ, ಕರೆಂಟು ಹೋಯ್ತಾ? ಪಕ್ಕದ ಜೆರಾಕ್ಸಿನವನದ್ದೂ ಹೋಯ್ತಾ? ಬೈತಿದ್ದಾನೆ. ಬೈಲಿ. ಆ ಗುಂಡಿ ಎತ್ತು, ಬರ್ತದೆ. ನಮ್ಮ ಕಕ್ಕಿಂಜೆಯ ಕರೆಂಟು ಇದನ್ನು ನೋಡಿದ ಕೂಡಲೇ ಘಟ್ಟ ಹತ್ತಿ ಓಡೀತು ಅಂತ ಹೆದರಿಕೆ. ಆದರೂ ಒಂದು ದಿನಕ್ಕೆ ಸಾಕು. ಆದಿತ್ಯವಾರ ಬೆಳಿಗ್ಗೆ ವನಜಾಕ್ಷಿಯ ಎದುರು ಒಂದೇ ಒಂದು ಸಲ ಪೂರ್ತಿ ಒಣಗಿದ್ದು ತೋರಿಸಿದರೆ...

ಬಂತು ಲೈಟು. ನಾನು ಹೇಳಲಿಲ್ಲವಾ?

ಏನು, ಭವ್ಯಶ್ರೀಯನ್ನು ಕರಕೊಂಡು ಬರಬೇಕಾ? ಅವಳಿಗೆ ಪುರುಸೊತ್ತಿಲ್ಲ. ಪರೀಕ್ಷೆ. ಇಲ್ಲ ಇಲ್ಲ, ಬರಲಿಕ್ಕಾಗುವುದಿಲ್ಲ. ಅವಳ ಕೂದಲು ನನಗೆ ಗೊತ್ತಲ್ಲ, ಬೇರಿನಿಂದ ತುದಿಯವರೆಗೆ...

ಜುವೈರಿಯಾ?

ಮೇಲೆ ಎಂತ ನೋಡ್ತೀ? ತಾರಸಿ ಒಣಗಿಯೇ ಉಂಟು. ಕೊಡೆ ಬಾಗಿಲ ಹತ್ತಿರ ಬಾಲ್ದಿಯಲ್ಲಿ ಉಂಟು. ಮತ್ತೆ ನೆಲ ಯಾಕೆ... ನನ್ನ ಕುರ್ಚಿಯ ಅಡಿಯಲ್ಲಿ... ಅಷ್ಟು ನೀರು...

...

ಬೆಳಿಗ್ಗೆ ಆರಕ್ಕೆ ಎರೆದುಕೊಂಡದ್ದು. ಪೊಳಲಿ ದೇವಸ್ಥಾನಕ್ಕೆ ಹೋಗ್ತೇನೆ ಅಂತ ಮನೆಯಲ್ಲಿ ಹೇಳಿದ್ದೆ. ಆ ದೇವಿ ಕ್ಷಮಿಸಲಿ.

ಹೀಗೆ ನೋಡಬೇಡ ಮಗಳೇ, ನಗು ಬೇಕಾದರೆ. ಇಷ್ಟು ಹೊತ್ತು ನಕ್ಕೆಯಲ್ಲ, ಈಗ ಯಾಕೆ ನಗುವುದಿಲ್ಲ? ಭವ್ಯಶ್ರೀಯ ಕೂದಲು ಇಷ್ಟೇ, ಕಿವಿಯವರೆಗೆ. ಅವಳಾಗಿ ಕತ್ತರಿಸಿಕೊಂಡದ್ದು. ಚಂದವೇ ಕಾಣ್ತದೆ. ಎಪ್ಪತ್ತನಾಲ್ಕು ವರ್ಷದ ಮುದುಕಿ ತನಗೆ ಅಂತ ಕೇಳಿದರೆ ಯಾರು ತೋರಿಸ್ತಾರೆ ಹೇಳು? ಫ್ಯಾನಿನ ಅಡಿ ಕೂರು ಅಂತಾರೆ. ಗದಗಿನಿಂದ ತಂದದ್ದರಲ್ಲಿ ನನ್ನ ಹತ್ತಿರ ಉಳಿದದ್ದು ಇದೊಂದೇ, ಜುವೈರಿಯಾ. ಮಾತು ಕೂಡ ಉಳಿಯಲಿಲ್ಲ, ನಿಮ್ಮ ಹಾಗೆಯೇ ಆಯ್ತು.

ಏ, ಏನು ಮಾಡ್ತೀ? ಶಟರ್ ಯಾಕೆ ಎಳೀತೀ? ಅಪ್ಪ ಬಂದರೆ? ...ಸೆರಗು ಬಿಡು, ನಾನೇ ತೆಗೀತೇನೆ. ಟವೆಲ್ ಹಿಂಡಬೇಕು ಮೊದಲು, ಬಾಲ್ದಿ ಈಚೆ ತಾ. ಕುರ್ಚಿಯ ಹಿಂದೆ ನಿಲ್ಲು, ನಮ್ಮವರು ಅಲ್ಲಿಯೇ ಕೂರ್ತಿದ್ದದ್ದು. ಹಾಂ... ಬಿತ್ತಾ ನೆಲದವರೆಗೆ? ಮೆಟ್ಟಬೇಡ.

ಹೂಂ... ಬಿಸಿ ಹದವಾಗಿ ಉಂಟು... ಸ್ವಲ್ಪ ಎಡಕ್ಕೆ. ಅಪ್ಪ ಬರುವಷ್ಟರಲ್ಲಿ ಒಂದು ಬದಿ ಆದೀತು.

ಯಾಕೆ ನಿಲ್ಲಿಸಿದೆ? ಪುನಃ ಕರೆಂಟು ಹೋಯ್ತಾ? ...ಲೈಟು ಉಂಟಲ್ಲ. ಮತ್ತೆ? ಏನು ಸಿಕ್ಕಿತು? ಕೈ ಬಿಚ್ಚು. ಬಿಚ್ಚು ಹೇಳ್ತೇನೆ...

ಅಯ್ಯಯ್ಯೋ, ಎರಡು ಎಲೆ ಬಂದಿದೆಯಲ್ಲೇ!

...ಆ ದೊಡ್ಡದನ್ನೇ ಕಟ್ಟು, ಮಗಳೇ.