ಸ್ಟೂಲಿನಷ್ಟು ಅಗಲದ ಕೇಕು

ಇಲ್ಲಮ್ಮ, ಕೇಕಿನ ಆ ಕೆಳಗಿನ ಸ್ಟೆಪ್ಪು ಅಷ್ಟು ದೊಡ್ಡದಾದ್ರೆ ಆಗಲ್ಲ. ಇಗೋ, ದಾರ ತಂದಿದ್ದೀನಿ... ಇಷ್ಟಗಲ. ಒಂದು ಕೂದಲೆಳೆ ಜಾಸ್ತಿ ಬೇಡ. ಯಾಕೆ ನಗ್ತೀಯಾ? ಲಿಫ್ಟಿನೊಳಗಿರೋ ಸ್ಟೂಲಿನ ಅಳತೆ ಕಣಮ್ಮ ಇದು! ಕೇಕು ಕೂತ್ಕೋಬೇಕಾದ್ದು ಅದರ ಮೇಲೇನೆ.

ಹೂಂ, ಲಿಫ್ಟಿನೊಳಗೇ! ರಿಟೈರ್ ಆಗ್ತಿರೋನು ನಮ್ಮ ಆಫೀಸಿನ ಲಿಫ್ಟ್ ನಡೆಸೋನು. ಆಫೀಸಿನೋರೆಲ್ಲಾ ಸೇರಿ ಮಾಡಿಸ್ತಿದ್ದೀವಿ. ಅವನಿಗೆ ಗೊತ್ತೇ ಇಲ್ಲ, ಪಾಪ. ಹೊಸಾ ಲಿಫ್ಟ್ ಬರುತ್ತಂತೆ, ಜನ ತಾವೇ ಗುಂಡಿ ಒತ್ಕೋತಾರಂತೆ. ಒತ್ಕೊಳ್ಳಲಿ ಬಿಡು, ಅದೇನು ಮಹಾ ವಿದ್ಯೆ! ಆದ್ರೆ ಫೈಲು ಅವುಚ್ಕೊಂಡು ಓಡೋಡಿ ಬರೋ ಹುಡುಗಿಗೆ ಬಾಗಿಲು ಹಿಡ್ಕೊಂಡು ನಿಲ್ಲುತ್ತಾ ಆ ಗುಂಡಿ? ಹೇಳು ನೋಡೋಣ... ಹೋಗ್ಲಿ. ಊರ ಉಸಾಬರಿ ನನಗ್ಯಾಕೆ.

ಅವನೆಲ್ಲಿ ಕೂತ್ಕೋತಾನೆ ಅಂತೀಯಾ? ಅವತ್ತೊಂದು ದಿನ ನಿಂತ್ಕೋತಾನೆ ಬಿಡಮ್ಮ.

ಕೆಳಗಿನ ಸ್ಟೆಪ್ಪು ಕೆಳಗಿನ ಫ್ಲೋರುಗಳಿಗೆ. ಅಲ್ಲಿ ಜನವೋ ಜನ. ನಡುವಿನದು ಲೆಕ್ಕಪತ್ರದೋರಿಗೆ... ಅದು ಸ್ವಲ್ಪ ಅಗಲವಾಗಿಯೇ ಇರ್ಲಿ. ಎಲ್ರಿಗೂ ಸಕ್ಕರೆ ಕಾಯಿಲೆ. ಬೇಡ ಬೇಡ ಅಂತಾನೇ ಎರಡೆರಡು ತುಂಡು ಎತ್ತೋ ಪೈಕಿ! ಮೇಲಿನ ಪುಟ್ಟದ್ದು ಅವನ ಮನೆಗೆ.

ಮನೇಲಿ ಎಷ್ಟು ಜನ ಅಂದ್ಯಾ?

...ಒಬ್ನೇ. ಆರಿಂಚಿಗಿಂತ ಚಿಕ್ಕ ಅಚ್ಚು ಇಲ್ವಾ ನಿನ್ನತ್ರ? ಒಬ್ಬರಿಗೆ ಅಂತ ಯಾರೂ ಮಾಡಿಸೋದೇ ಇಲ್ವಾ? ಹ್ಞಾಂ... ಇರ್ಲಿ ಬಿಡು, ಆರೇ ಇರ್ಲಿ. ಮಾರನೇ ದಿನಕ್ಕೂ ಆಗುತ್ತೆ. ಮಾರನೇ ದಿನ ಹೇಗೂ ಕೆಲಸ ಇರಲ್ಲ.

ಹೆಸರಾ? ಕೇಕಿನ ಮೇಲೆ ಬರೆಯೋಕಾ? "ಲಿಫ್ಟಣ್ಣ" ಅಂತ ಬರಿ. ಹೆಸರಿದೆ ಕಣಮ್ಮ, ಹೆಸರಿಲ್ದೆ ಇರ್ತಾನಾ? ಆದ್ರೆ ಅದನ್ನ ಬರೆದ್ರೆ, ಯಾರಪ್ಪಾ ಇವನು ಅಂತ ಎಲ್ರೂ ಮುಖ ಮುಖ ನೋಡ್ಕೋತಾರೆ. ಅಷ್ಟೇ ಅಲ್ಲ, ಉದ್ದದ ಹೆಸರು, ಆರಿಂಚಿನಲ್ಲಿ ಹಿಡಿಸಲ್ಲ...

ಬನ್ನಿ ಸಾರ್, ಬನ್ನಿ, ಒಳಗೆ ಜಾಗ ಇದೆ. ಎಷ್ಟನೇ ಫ್ಲೋರ್?

...

ಅಯ್ಯೋ. ಏನಿಲ್ಲಮ್ಮ... ಬೆನ್ನ ಹಿಂದೆ ಬಾಗಿಲು ತೆಗೆದ ಸದ್ದಾಯ್ತಲ್ಲ, ಬಾಯಿ ತಪ್ಪಿ... ಅವರಿಗೇನೋ ಬ್ರೆಡ್ ಬೇಕಂತೆ, ಕೊಟ್ಟು ಕಳಿಸು. ನಾನು ಕಾಯ್ತೀನಿ.

...ಹೋದ್ರಾ? ಸರಿ, ಎಲ್ಲಿದ್ವಿ? ಹೆಸರು. ಯಾಕಮ್ಮ, ಆರ್ಡರ್ ಬರೆಯೋದು ನಿಲ್ಲಿಸಿಬಿಟ್ಟೆ? ಹಾಗೆ ನೋಡ್ಬೇಡ ತಾಯಿ... ಆಗ್ಲೇ ನಗ್ತಿದ್ದೆಯಲ್ಲ, ನಗಾದ್ರೂ ನಗು.

ಅಯ್ಯಯ್ಯೋ, ಚೀಟೀಲಿ ಕೆಳಗಿನ ಸ್ಟೆಪ್ಪನ್ನ ಯಾಕೆ ಹೊಡೆದು ಹಾಕ್ತಿದ್ದೀಯಾ? ಬೇಡ! ನಡುವಿನದನ್ನೂ ಹೊಡೀಬೇಡ. ಮೂರೂ ಇರ್ಲಿ. ನನ್ನ ಯಾರೂ ಕಳಿಸಿಲ್ಲ, ನಿಜ. ಯಾರಿಗೂ ಗೊತ್ತಿಲ್ಲ, ಅದೂ ನಿಜ. ಆದ್ರೆ ಮೇಲಕ್ಕೆ ಹೋಗೋರು ಲಿಫ್ಟ್ ಹತ್ತಲೇಬೇಕಲ್ಲಮ್ಮ?

ನಾನು ಬಾಗಿಲು ಹಿಡ್ಕೊಂಡು ನಿಂತಿರ್ತೀನಿ.