ಲಾಸ್ಟನ್ ಮಕೋಕನ ಎಡಗೈ ಹೆಬ್ಬೆರಳು

ಹಿರಿಯ ನಾಯಕರೇ, ಪಾದ್ರಿಗಳೇ, ಚಾಪೆಯ ಮೇಲೆ ಕೂತಿರುವ ತಾಯಂದಿರೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ಸೈಕಲ್ ಟ್ಯಾಕ್ಸಿಯ ಗೆಳೆಯರೇ, ಬ್ಲಾಂಟೈರಿನ ಪ್ರಧಾನ ಕಚೇರಿಯಿಂದ ಬಂದಿರುವ ಶ್ರೀಮತಿ ಲುಹಂಗ ಅವರೇ, ದಿವಂಗತರ ಪತ್ನಿ ತಂಗಿ ಎನೆಲೇಸಿ, ಮಕ್ಕಳೇ — ಎಲ್ಲರಿಗೂ ನಮಸ್ಕಾರ.

ನಾನು ವೈಸನ್ ಚಿಪೇಟ. ನಸಲಿಮ ನೋಂದಣಿ ಕಚೇರಿಯಲ್ಲಿ ದಿವಂಗತ ಲಾಸ್ಟನ್ ಮಕೋಕ ಅವರ ಪಕ್ಕದ ಮೇಜು ನನ್ನದು. ಒಂಬತ್ತು ವರ್ಷ ಪಕ್ಕದ ಮೇಜು. ಪಾದ್ರಿಗಳು ಹತ್ತು ನಿಮಿಷ ಮಾತಾಡು ಅಂದಿದ್ದಾರೆ. ಒಂದು ಹಾಳೆಯಲ್ಲಿ ಬರೆದುಕೊಂಡು ಬಂದೆ. ಬರೆದದ್ದನ್ನ ಈಗ ನೋಡಿದರೆ ನನಗೇ ಅರ್ಥ ಆಗ್ತಿಲ್ಲ. ಮೊದಲನೇ ಸಾಲಲ್ಲೇ ಸಿಕ್ಕಿಹಾಕಿಕೊಂಡೆ — ನಾವು ಇವತ್ತು ಎಷ್ಟು ಜನರಿಗೆ ಶ್ರದ್ಧಾಂಜಲಿ ಕೊಡೋಕೆ ಸೇರಿದ್ದೇವೆ? ನಿಮ್ಮನ್ನ ಕೇಳಿದರೆ ಒಬ್ಬರಿಗೆ ಅಂತೀರಿ. ಸರ್ಕಾರದ ಯಂತ್ರವನ್ನ ಕೇಳಿದರೆ ಇಪ್ಪತ್ತು ಜನರಿಗೆ ಅನ್ನುತ್ತೆ.

ನಗಬೇಡಿ. ಅಥವಾ ನಗಿ, ಪರವಾಗಿಲ್ಲ. ನಗಬೇಕೋ ಅಳಬೇಕೋ ಅಂತ ನನಗೂ ಮೂರು ವಾರದಿಂದ ತಿಳಿದಿಲ್ಲ.

ಏನು ಅಜ್ಜಿ? — ಆಯ್ತು, ಜೋರಾಗಿ ಮಾತಾಡ್ತೀನಿ.

ಲಾಸ್ಟನ್ ಮಕೋಕ ಅವರನ್ನ ನೀವೆಲ್ಲ ಕಂಡಿದ್ದೀರಿ. ಬೆನ್ನ ಮೇಲೆ ಯಂತ್ರದ ಪೆಟ್ಟಿಗೆ, ಕೈಯಲ್ಲಿ ಕಾಗದ ಸುತ್ತಿದ, ಆಗಷ್ಟೇ ಎಣ್ಣೆಯಲ್ಲಿ ಕರಿದ ಎರಡು ಮಂಡಾಸಿ ಉಂಡೆ. ಒಂದು ಅವರಿಗೆ, ಇನ್ನೊಂದು ದಾರಿಯಲ್ಲಿ ಸಿಕ್ಕವರಿಗೆ. ಪಕ್ಕದ ಮೇಜಿನವನಿಗಂತೂ ಒಂದು ದಿನವೂ ಸಿಕ್ಕಿದ್ದಿಲ್ಲ. ಎಲ್ಲಾದರೂ ಮಾವಿನ ಮರದ ಕೆಳಗೆ ಪೆಟ್ಟಿಗೆ ಇಳಿಸಿ, ಅಂಗಿಯ ತುದಿಯಿಂದ ಗಾಜು ಒರೆಸಿ, "ಬನ್ನಿ, ನೀವು ಯಾರು ಅಂತ ಸರ್ಕಾರಕ್ಕೆ ಹೇಳೋಣ" ಅಂತ ಕೂಗೋದು.

ನಮ್ಮ ಕೆಲಸ ಹೊರಗಿನವರಿಗೆ ಸುಲಭ ಅನಿಸುತ್ತೆ. ಹೆಸರು, ಊರು, ಹುಟ್ಟಿದ ವರ್ಷ, ಮುಖದ ಚಿತ್ರ, ಹತ್ತು ಬೆರಳು. ಆದರೆ ಹುಟ್ಟಿದ ವರ್ಷ ಇಲ್ಲಿ ಯಾರಿಗೆ ಗೊತ್ತು? ನಾನು ಬೇಜಾರಾಗಿ ಬಾಯಿಗೆ ಬಂದ ವರ್ಷ ತುಂಬುತ್ತಿದ್ದೆ. ಲಾಸ್ಟನ್ ಹಾಗಲ್ಲ. "ಅಜ್ಜಿ, ಆ ದೊಡ್ಡ ಬರ ಬಂದಾಗ ನೀನು ನಿಮ್ಮಮ್ಮನ ಬೆನ್ನ ಮೇಲಿದ್ದೆಯಾ, ನಡೀತಿದ್ದೆಯಾ?" ಅಂತ ಕೇಳೋನು. ಬೆನ್ನ ಮೇಲೆ ಅಂದರೆ ಒಂದು ವರ್ಷ, ನಡೀತಿದ್ದೆ ಅಂದರೆ ಇನ್ನೊಂದು. "ಬೆನ್ನ ಮೇಲಿದ್ದೆ, ಆದ್ರೆ ಇಳಿಸಿದ್ರೆ ಓಡ್ತಿದ್ದೆ" ಅಂತ ಒಬ್ಬರು ಹೇಳಿದರು. ಅವರ ಜೊತೆ ಅರ್ಧ ಗಂಟೆ ಕೂತ. ಹಿಂದೆ ಸಾಲಿನಲ್ಲಿ ಎಂಬತ್ತು ಜನ ಬೈಕೊಂಡು ನಿಂತಿದ್ದರು.

'ಅವರು' ಅಂತ ಶುರು ಮಾಡಿದೆ, 'ಅವನು' ಅಂತ ಬರ್ತಿದೆ. ಕ್ಷಮಿಸಿ. ಒಂಬತ್ತು ವರ್ಷದ ಅಭ್ಯಾಸ.

ಮಧ್ಯೆ ಸೈಕಲ್ ಟ್ಯಾಕ್ಸಿಗಳ ಕೆಲಸ ಬಂತು. ಕಳ್ಳತನ ಜಾಸ್ತಿಯಾಗಿತ್ತು ಅಂತ ಪ್ರತಿ ಸೈಕಲ್ಲಿಗೂ ಒಂದು ಬಿಲ್ಲೆ ಹೊಡೀರಿ ಅಂದರು. ಬಿಲ್ಲೆಯ ಒಳಗೆ ಅಕ್ಕಿಕಾಳಿನಷ್ಟು ಒಂದು ಚೂರು. ಅದರ ಹತ್ತಿರ ಯಂತ್ರ ಹಿಡಿದರೆ ಟಿಂಗ್ ಅನ್ನುತ್ತೆ, ಸೈಕಲ್ ಯಾರದು, ಯಾವ ಊರಿನದು ಎಲ್ಲ ಹೇಳುತ್ತೆ. ಅಲ್ಲಿ ಹಿಂದೆ ನಿಂತಿದ್ದಾನಲ್ಲ ಜಾಫೆಟ್, ಅವನ ಸೈಕಲ್ಲಿಗೆ ಬಿಲ್ಲೆ ಹೊಡೆದ ದಿನ ಲಾಸ್ಟನ್ ನನ್ನ ಕಡೆ ತಿರುಗಿ ಹೇಳಿದ — "ನೋಡಯ್ಯಾ ವೈಸನ್. ಇದಕ್ಕೆ ಬ್ರೇಕಿಲ್ಲ, ಪೆಡಲ್ ಒಂದೇ, ಸೀಟಿಗೆ ಗೋಣಿಚೀಲ ಕಟ್ಟಿದಾನೆ. ಆದ್ರೂ ಇದು ಯಾರು ಅಂತ ಯಂತ್ರಕ್ಕೆ ಗೊತ್ತು. ಐವತ್ತು ವರ್ಷ ಚಹಾ ಕಿತ್ತ ಫಾಲೆಸ್ ಅಜ್ಜಿ ಯಾರು ಅಂತ ಮಾತ್ರ ಗೊತ್ತಾಗಲ್ವಂತೆ."

ಜಾಫೆಟ್ ಹೇಳಿದ, "ಅಣ್ಣಾ, ಅಜ್ಜಿಗೂ ಒಂದು ಬಿಲ್ಲೆ ಹೊಡೆದುಬಿಡಿ." ಎಲ್ಲರೂ ನಕ್ಕರು. ಲಾಸ್ಟನ್ ನಗಲಿಲ್ಲ.

ಈಗ ಫಾಲೆಸ್ ಅಜ್ಜಿಯ ವಿಷಯ ಹೇಳಬೇಕು. ಇಲ್ಲೇ ಇದ್ದಾರೆ, ಮುಂದಿನ ಚಾಪೆಯಲ್ಲಿ, ನೀಲಿ ಬಟ್ಟೆ. ಅಜ್ಜಿ, ನಿಮ್ಮ ಅಂಗೈ ಸ್ವಲ್ಪ ಎತ್ತಿ ತೋರಿಸ್ತೀರಾ? — ನೋಡಿ. ಚಹಾ ಕಿತ್ತೂ ಕಿತ್ತೂ ಬೆರಳಿನ ಗೆರೆಗಳೆಲ್ಲ ಅಳಿಸಿಹೋಗಿವೆ. ಗಾಜಿನ ಮೇಲೆ ಒತ್ತಿದರೆ ಯಂತ್ರಕ್ಕೆ ಏನೂ ಕಾಣಿಸಲ್ಲ. ಹತ್ತರಲ್ಲಿ ಒಂದಾದರೂ ಬೆರಳು ಕಾಣಲೇಬೇಕು ಅನ್ನೋದು ನಿಯಮ. ಒಂದೂ ಕಾಣದಿದ್ದರೆ ಅರ್ಜಿ ಬ್ಲಾಂಟೈರಿಗೆ ಹೋಗಬೇಕು. ಹೋಗಿದ್ದು ವಾಪಸು ಬಂದದ್ದನ್ನ ನಾನು ನೋಡಿಲ್ಲ. ಗುರುತಿನ ಚೀಟಿ ಇಲ್ಲದಿದ್ದರೆ ಜನವರಿಯಲ್ಲಿ ಸರ್ಕಾರ ಮೆಕ್ಕೆಜೋಳ ಕೊಡುವಾಗ ಹೆಸರಿಲ್ಲ, ಫೋನಿಗೆ ಸಿಮ್ ಇಲ್ಲ, ಏನೂ ಇಲ್ಲ.

ಮೂರು ಸಲ ಬಂದರು ಅಜ್ಜಿ, ಏಳು ಮೈಲಿ ನಡೆದು. ಬೆರಳಿಗೆ ಎಣ್ಣೆ ಹಚ್ಚಿ ನೋಡಿದೆವು. ಬಿಸಿನೀರಲ್ಲಿ ಅದ್ದಿ ನೋಡಿದೆವು. ಮೂರನೇ ಸಲ ಅಜ್ಜಿ ಕೇಳಿದರು, "ಮಗಾ, ನಾನು ಕೂತಿದೀನಿ, ಮಾತಾಡ್ತಿದೀನಿ, ನಿನ್ನ ಮಂಡಾಸಿ ತಿಂದೆ. ಇನ್ನೇನು ಬೇಕಂತೆ ಅದಕ್ಕೆ?"

ಆಗ ಅಲ್ಲಿದ್ದವರಲ್ಲಿ ಯಾರೋ ಒಬ್ಬ ತಮಾಷೆಗೆ ಅಂದ — "ನಿಂದೇ ಒಂದು ಬೆರಳು ಒತ್ತಿಬಿಡಯ್ಯಾ, ಯಂತ್ರಕ್ಕೇನು ಕಣ್ಣಿದೆಯಾ?"

ಲಾಸ್ಟನ್ ಅಜ್ಜಿಯ ಮುಖ ನೋಡಿದ. ಆಮೇಲೆ ತನ್ನ ಎಡಗೈ ಹೆಬ್ಬೆರಳನ್ನ ಗಾಜಿನ ಮೇಲೆ ಇಟ್ಟ. ಹಸಿರು ದೀಪ ಹತ್ತಿತು.

ಮುಗೀತು. ಅಷ್ಟೇ. ನಾಲ್ಕು ವರ್ಷದಲ್ಲಿ ಹತ್ತೊಂಬತ್ತು ಜನ. ಎಲ್ಲರೂ ಚಹಾ ಕಿತ್ತವರು, ಎಲ್ಲರೂ ಅಜ್ಜಿಯರು. ಹೆಸರು ಅವರದು, ಮುಖ ಅವರದು, ಹೆಬ್ಬೆರಳು ಲಾಸ್ಟನ್‌ದು. ಜೋಳ ಕೊಡುವ ಕಡೆ ಚೀಟಿ ಮಾತ್ರ ನೋಡ್ತಾರೆ, ಬೆರಳು ಒತ್ತಿಸಲ್ಲ. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಒಬ್ಬರ ಬೆರಳನ್ನ ಇನ್ನೊಬ್ಬರ ಬೆರಳಿನ ಜೊತೆ ಹೋಲಿಸುವ ವ್ಯವಸ್ಥೆ ಆಗ ಇರಲಿಲ್ಲ. ಅದು ಬಂದದ್ದು ಈ ವರ್ಷ.

ಹೋದ ತಿಂಗಳು ಹನ್ನೆರಡನೇ ತಾರೀಕು ಘಟ್ಟದ ತಿರುವಿನಲ್ಲಿ ಆ ಲಾರಿ. ಎನೆಲೇಸಿ, ನಾನು ಅದನ್ನ ಜಾಸ್ತಿ ಹೇಳಲ್ಲಮ್ಮ. ಸತ್ತವರ ಬೆರಳು ಒತ್ತಿಸಿ ಮರಣ ದಾಖಲು ಮಾಡಬೇಕು ಅನ್ನೋದು ಈಗಿನ ಕ್ರಮ. ಮಾಡಬೇಕಾದವನು ನಾನೇ. ಬಲಗೈ — ಬಲಗೈ ಇರಲಿಲ್ಲ ಅಂತಲೇ ಹೇಳಬೇಕು. ಎಡಗೈ ಎತ್ತಿಕೊಂಡೆ. ನನಗೆ ಆ ಹೊತ್ತಿನಲ್ಲಿ ಯಾವ ಅಜ್ಜಿಯೂ ನೆನಪಾಗಲಿಲ್ಲ. ತಣ್ಣಗಿದ್ದ ಆ ಹೆಬ್ಬೆರಳನ್ನ ಗಾಜಿನ ಮೇಲೆ ಇಟ್ಟೆ. ಹಸಿರು ದೀಪ ಹತ್ತಿತು.

ಬಲಗೈ ನೆಟ್ಟಗಿದ್ದಿದ್ದರೆ ಅವತ್ತು ಒಬ್ಬನೇ ಸತ್ತಿರುತ್ತಿದ್ದ. ಎಡಗೈ ಒತ್ತಿಸಿದ್ದಕ್ಕೆ, ಆ ಹೆಬ್ಬೆರಳಿದ್ದ ಹೆಸರನ್ನೆಲ್ಲ ಯಂತ್ರ ಸತ್ತವರ ಪಟ್ಟಿಗೆ ಹಾಕಿತು, ಇಪ್ಪತ್ತು ಜನ ಸತ್ತರು.

ಅದು ತಿಳಿದದ್ದು ಆಮೇಲೆ. ಫಾಲೆಸ್ ಅಜ್ಜಿ ಜೋಳಕ್ಕೆ ಅಂತ ಸಾಲಿನಲ್ಲಿ ನಿಂತಿದ್ದಾರೆ. ಗುಮಾಸ್ತ ಚೀಟಿ ನೋಡಿದ, ಯಂತ್ರದ ಪರದೆ ನೋಡಿದ, ಅಜ್ಜಿಯನ್ನ ನೋಡಿದ. "ಅಜ್ಜಿ, ನಿಮಗೆ ಕೊಡೋಕಾಗಲ್ಲ. ನೀವು ತೀರಿಕೊಂಡಿದ್ದೀರಿ."

"ಯಾವಾಗ?"

"ಹನ್ನೆರಡನೇ ತಾರೀಕು."

"ಭಾನುವಾರ ಚರ್ಚಿಗೆ ಹೋಗಿದ್ದೆನಲ್ಲಪ್ಪ. ಯಾರೂ ಏನೂ ಅನ್ನಲಿಲ್ಲ."

ಹೌದು, ನಗಿ. ನಾನೂ ಅವತ್ತು ನಕ್ಕೆ. ಸಂಜೆಯೊಳಗೆ ಇನ್ನೂ ಆರು ಜನ ಸತ್ತ ಅಜ್ಜಿಯರು ಕಚೇರಿಗೆ ಬಂದರು, ಖಾಲಿ ಚೀಲ ಹಿಡಿದುಕೊಂಡು. ಆಮೇಲೆ ನಗು ಬರಲಿಲ್ಲ. ಮೂರು ವಾರ ಆಯ್ತು. ಈ ಹತ್ತೊಂಬತ್ತು ಮನೆಗಳಲ್ಲಿ ಪಕ್ಕದ ಮನೆಯವರು ಕೊಟ್ಟ ಹಿಟ್ಟಿನಿಂದ ಎನ್ಸಿಮ ಮುದ್ದೆ ಆಗ್ತಿದೆ. ಪಕ್ಕದ ಮನೆಯವರ ಹತ್ತಿರ ಎಷ್ಟಿದೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ಸುದ್ದಿ ಎನೆಲೇಸಿಯ ಕಿವಿಗೂ ಬಿತ್ತು. ನೀರಿನ ಪಂಪಿನ ಹತ್ತಿರ ಯಾರೋ ಅಂದರಂತೆ, ನಿನ್ನ ಗಂಡ ಮುದುಕಿಯರ ಹೆಸರನ್ನ ಕದ್ದಿದ್ದ ಅಂತ. ಅವಳು ನನ್ನ ಮನೆಗೆ ಬಂದು ಬಾಗಿಲಲ್ಲೇ ನಿಂತು ಕೇಳಿದಳು, "ಅಣ್ಣಾ, ಅವರು ಕಳ್ಳರಾ? ನಿಜ ಹೇಳಿ, ಮಕ್ಕಳಿಗೆ ನಾನು ಏನಾದ್ರೂ ಹೇಳಬೇಕಲ್ಲ." ನಾನು ಒಳಗೆ ಬಾ ಅಂದೆ. ಕೂತ್ಕೋ ಅಂದೆ. ನೀರು ಕೊಟ್ಟು ಕಳಿಸಿದೆ.

ನಿನ್ನೆ ಶ್ರೀಮತಿ ಲುಹಂಗ ಅವರು ಬಂದರು. ಮೇಡಂ, ನೀವು ನನ್ನ ಜೊತೆ ಒರಟಾಗಿ ಮಾತಾಡಲಿಲ್ಲ, ಅದನ್ನ ಮೊದಲು ಹೇಳ್ತೀನಿ. ಅವರು ನನ್ನ ಮುಂದೆ ಒಂದು ಕಾಗದ ಇಟ್ಟರು. "ವೈಸನ್, ಯಂತ್ರ ಕಾರಣ ಕೇಳುತ್ತೆ. ಮಕೋಕ ಮೋಸ ಮಾಡಿದ್ದಾರೆ ಅಂತ ಒಂದು ಸಾಲು ಬರೆದು ಸಹಿ ಹಾಕಿ. ಈ ಹತ್ತೊಂಬತ್ತು ಜನ ಸೋಮವಾರ ಬದುಕ್ತಾರೆ."

"ಹಾಗೆ ಬರೆದರೆ ಅವನ ಹೆಸರು?"

"ಹೋಗುತ್ತೆ. ಇಲಾಖೆಯ ಮನೆಯನ್ನೂ ಅವರ ಹೆಂಡತಿ ಬಿಡಬೇಕಾಗುತ್ತೆ."

"ಬೇರೆ ದಾರಿ ಇಲ್ವಾ?"

"ಇದೆ. ಊರ ನಾಯಕರು ಹೆಸರು ಹಿಡಿದು ಕರೀಬೇಕು, ಇಲಾಖೆಯ ಅಧಿಕಾರಿ ಒಬ್ಬೊಬ್ಬರನ್ನೇ ಜೀವಂತ ಕಣ್ಣಾರೆ ನೋಡಬೇಕು. ಆಗಲೂ ಕಾರಣ ಬರೀಬೇಕು, ಆದ್ರೆ ನೀವು ಕಂಡದ್ದನ್ನ ಬರೆದರೆ ಸಾಕು. ಹತ್ತೊಂಬತ್ತು ಮನೆ, ಹನ್ನೊಂದು ಊರು. ನನ್ನ ಗಾಡಿಗೆ ಎಣ್ಣೆ ಎರಡು ದಿನದ್ದು ಮಾತ್ರ ಕೊಟ್ಟಿದ್ದಾರೆ. ನೀವೇ ಹೇಳಿ."

ಆ ಕಾಗದ ಇಲ್ಲಿದೆ. ಈ ಜೇಬಿನಲ್ಲಿ. ನಿನ್ನೆ ಇಡೀ ದಿನ ನನ್ನ ಮನಸ್ಸು ಒಂದು ಸಲ ಎನೆಲೇಸಿಯ ಕಡೆ ವಾಲಿತು, ಒಂದು ಸಲ ಅಜ್ಜಿಯರ ಕಡೆ. ಅವನು ಮಾಡಿದ್ದು ತಪ್ಪು ಅಂತ ಅನಿಸುತ್ತೆ. ಒಬ್ಬರ ಗುರುತಿನಲ್ಲಿ ಇನ್ನೊಬ್ಬರ ಬೆರಳು ಇರಬಾರದು, ಅದಕ್ಕೇ ತಾನೇ ನಾವು ಸಂಬಳ ತಗೊಳ್ಳೋದು. ಮರುಗಳಿಗೆ ಫಾಲೆಸ್ ಅಜ್ಜಿಯ ಅಂಗೈ ನೆನಪಾಗುತ್ತೆ. ಅವತ್ತು ವಾಪಸು ಕಳಿಸಿದ್ದರೆ ನಿಯಮ ಉಳೀತಿತ್ತು, ಅಜ್ಜಿ ಉಳೀತಿದ್ದರೋ ಇಲ್ಲವೋ. ನನಗೆ ಇವತ್ತಿಗೂ ತೀರ್ಮಾನ ಬಂದಿಲ್ಲ. ದೊಡ್ಡವರು ನೀವು ಯಾರಾದರೂ ಹೇಳಿದರೆ ಕೇಳ್ತೀನಿ.

ಆದರೆ ಒಂದು ವಿಷಯ ಗೊತ್ತು, ಅದನ್ನ ಹೇಳಿಬಿಡ್ತೀನಿ. "ನಿಂದೇ ಒಂದು ಬೆರಳು ಒತ್ತಿಬಿಡು" ಅಂತ ಅಂದವನು ಯಾರೋ ಒಬ್ಬ ಅಂದೆನಲ್ಲ —

ಆ ಒಬ್ಬ ನಾನು.

ಸಾಲು ಉದ್ದ ಇತ್ತು, ನನಗೆ ಹೊಟ್ಟೆ ಹಸಿದಿತ್ತು. ಬೇಗ ಮುಗೀಲಿ ಅಂತ ಅಂದೆ. ಅವನು ಅಜ್ಜಿಯ ಮುಖ ನೋಡಿ ಮಾಡಿದ, ನಾನು ಗಡಿಯಾರ ನೋಡಿ ಹೇಳಿದೆ. ಆಮೇಲೆ ಹದಿನೆಂಟು ಸಲ ಅವನು ಬೆರಳು ಇಟ್ಟದ್ದನ್ನೂ ಪಕ್ಕದ ಮೇಜಿನಿಂದ ನೋಡಿದೆ, ಸುಮ್ಮನಿದ್ದೆ. ಮೇಡಂ, ಕಾಗದದಲ್ಲಿ ನಿನ್ನೆ ರಾತ್ರಿಯಲ್ಲ, ಈಗ ಇಲ್ಲಿಗೆ ಬರುವ ಮೊದಲು ಬರೆದೆ. ಓದ್ತೀನಿ. "ಬೆರಳು ಮಕೋಕ ಅವರದು. ಮಾತು ನನ್ನದು. ಅವರು ಇದರಿಂದ ಒಂದು ಹಿಡಿ ಜೋಳವನ್ನೂ ತಗೊಂಡಿಲ್ಲ. — ವೈಸನ್ ಚಿಪೇಟ." ಸಹಿ ಹಾಕಿದ್ದೇನೆ. ನನ್ನ ಕೆಲಸ ಹೋದರೆ ಹೋಗಲಿ ಅಂತ ಧೈರ್ಯವಾಗಿ ಹೇಳೋ ಮನುಷ್ಯ ನಾನಲ್ಲ. ಭಯ ಇದೆ.

ಎನೆಲೇಸಿ, ಅವನು ಕಳ್ಳ ಅಲ್ಲಮ್ಮ. ಅವತ್ತೇ ಹೇಳಬೇಕಿತ್ತು. ಹೇಳಿದ್ದರೆ ನನ್ನ ಹೆಸರೂ ಹೇಳಬೇಕಾಗುತ್ತಿತ್ತು, ಅದಕ್ಕೆ ನೀರು ಕೊಟ್ಟು ಕಳಿಸಿದೆ.

ಈಗ ಮೌನಾಚರಣೆ. ಸಾಮಾನ್ಯವಾಗಿ ಎಲ್ಲರೂ ಒಟ್ಟಿಗೆ ಎದ್ದು ನಿಲ್ತೀವಿ. ಇವತ್ತು ದಯವಿಟ್ಟು ನಾನು ಹೇಳಿದ ಹಾಗೆ ಮಾಡಿ. ಬೆಳಗಿನಿಂದ ಜಾಫೆಟ್ ಮತ್ತು ಅವನ ಗೆಳೆಯರು ಹನ್ನೊಂದು ಊರಿನಿಂದ ಹತ್ತೊಂಬತ್ತು ಅಜ್ಜಿಯರನ್ನೂ ಸೈಕಲ್ ಮೇಲೆ ಕೂರಿಸಿಕೊಂಡು ಬಂದಿದ್ದಾರೆ. ಎಲ್ಲರೂ ಈ ಚಾಪೆಗಳ ಮೇಲಿದ್ದಾರೆ. ನಾಯಕರ ಕೈಯಲ್ಲಿ ಹೆಸರುಗಳಿವೆ. ಅವರು ಒಂದೊಂದೇ ಹೆಸರು ಕರೀತಾರೆ. ಕರೆದವರು ಮಾತ್ರ ಏಳಿ. ಮಂಡಿ ನೋಯುವವರಿಗೆ ಪಕ್ಕದವರು ಕೈ ಕೊಡಿ, ಆದರೆ ಏಳಲೇಬೇಕು. ಬೇರೆಯವರು ಕೂತಿರಿ. ಶ್ರೀಮತಿ ಲುಹಂಗ ಅವರೇ, ಉಳಿದವರು ಕಣ್ಣು ಮುಚ್ಚಿಕೊಂಡರೂ ನೀವು ಮುಚ್ಚಬೇಡಿ. ಪ್ರತಿಯೊಬ್ಬರ ಮುಖವನ್ನೂ ನೋಡಿ, ನಿಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ.

ಹತ್ತೊಂಬತ್ತು ಆದ ಮೇಲೆ ನಾಯಕರು ಇಪ್ಪತ್ತನೇ ಹೆಸರು ಕರೀತಾರೆ. ಲಾಸ್ಟನ್ ಮಕೋಕ ಅಂತ. ಯಾರೂ ಏಳುವುದಿಲ್ಲ. ಸ್ವಲ್ಪ ಹೊತ್ತು ಕಾಯೋಣ.

ಆಮೇಲೆ ಅವನ ಬದಲಿಗೆ ನಾವೆಲ್ಲ ಎದ್ದು, ಮಾತಿಲ್ಲದೆ ನಿಲ್ಲೋಣ.